ಹಳದಿ ವಿಮಾನ ತಲೆಯಾಡಿಸಿತು

"ನಿನ್ನ ತೂಕ ಎಷ್ಟು, ಮಾರ್ಲಿಸ್?"

ಹೆಣ್ಣಿನ ಮುಖಕ್ಕೇ ಕೇಳುವ ಮಾತೇ ಇದು! ಅದೂ ವಿಸ್ಕಾನ್ಸಿನ್‌ನ ಈ ಹುಲ್ಲಿನ ರನ್‌ವೇ ಪಕ್ಕ, ಕಾಫಿ ಲೋಟ ಹಿಡಿದು ನಿಂತ ಅರ್ಧ ಊರಿನ ಎದುರು!

"ನಿನ್ನ ಬುದ್ಧಿಗಿಂತ ಜಾಸ್ತಿ ಇದೆ. ಸಾಕಾ?"

ಎಲ್ಲರೂ ಗೊಳ್ಳೆಂದರು. ವೆಂಡೆಲ್ ಮಾತ್ರ ನಗಲಿಲ್ಲ. "ತಮಾಷೆ ಅಲ್ಲ ಕಣೇ. ಹಿಂದೆ ಕೂರೋರ ತೂಕ ಗೊತ್ತಿರ್ಬೇಕು. ಬಾ, ಒಂದು ಸುತ್ತು ಹೋಗಿಬರೋಣ."

ಮಾರ್ಲಿಸ್ ಆ ಹಿಂದಿನ ಸೀಟಿನತ್ತ ನೋಡಿದಳು.

ಎಷ್ಟೋ ಚಳಿಗಾಲ ಕೂತು ವೆಂಡೆಲ್ ಈ ಹಳದಿ ವಿಮಾನವನ್ನು ತನ್ನ ಕೊಟ್ಟಿಗೆಯಲ್ಲೇ ಕಟ್ಟಿದ್ದ. ತಗಡು ಜೋಡಿಸುವ ರಿವೆಟ್ ಮೊಳೆ ಹೊಡೆಯಲು ಇಬ್ಬರು ಬೇಕು. ತಗಡಿನ ಆಚೆ ಅವನು ರಿವೆಟ್ ಗನ್ ಹಿಡಿದರೆ, ಈಚೆ ಕಬ್ಬಿಣದ ತುಂಡು ಒತ್ತಿ ಹಿಡಿಯುತ್ತಿದ್ದವಳು ಗೆಳತಿ ಮಾರ್ಲಿಸ್. ಚಿಕ್ಕಂದಿನಲ್ಲಿ ಹುಲ್ಲು ಕಟ್ಟುವ ಯಂತ್ರಕ್ಕೆ ಸಿಕ್ಕ ಅವಳ ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ, ಎಡಗೈಯಲ್ಲೇ ಒತ್ತುತ್ತಿದ್ದಳು. ಮುಖ ಕಾಣದ ಆ ದನಿಗೆ ಯಾವತ್ತೋ ಮನಸ್ಸು ಕೊಟ್ಟಿದ್ದಳು. ಬಾಯಿ ಬಿಟ್ಟಿರಲಿಲ್ಲ, ಅಷ್ಟೇ.

ಇಲ್ಲಿನವರದು ಒಂದು ಪದ್ಧತಿ. ಕೈಯಾರೆ ಕಟ್ಟಿದ ವಿಮಾನವನ್ನು ಮೊದಲು ಒಬ್ಬನೇ ಹಾರಿಸಬೇಕು, ಆಮೇಲೆ ಹಿಂದಿನ ಸೀಟಿಗೆ ಆಳಿನ ತೂಕದ ಮರಳಿನ ಮೂಟೆ ಕಟ್ಟಿ ಹಾರಿಸಬೇಕು. ಪರೀಕ್ಷೆಯೆಲ್ಲ ಮುಗಿದ ಮೇಲೆ ಅಲ್ಲಿ ಮೊದಲು ಕೂರುವವರು ಕಟ್ಟಿದವನ ಮನಸ್ಸಿಗೆ ತೀರಾ ಹತ್ತಿರದವರು. "ಬ್ರಿಟಾ ಬಿಟ್ರೆ ಇನ್ಯಾರು?" ಎಂದು ಎಲ್ಲರೂ ಸೇರುವ ಶುಕ್ರವಾರದ ಮೀನಿನೂಟದಲ್ಲಿ ಊರೇ ತೀರ್ಮಾನಿಸಿತ್ತು. ಹಿಂದೊಮ್ಮೆ ವೆಂಡೆಲ್ ಜೊತೆಗಿನ ನಿಶ್ಚಿತಾರ್ಥ ಮುರಿದು ಹೋಗಿದ್ದ ಬ್ರಿಟಾ ಊರಿಗೆ ಮರಳಿದ್ದಳಲ್ಲ!

'ಹಾಗಾದರೆ ನಾನು...? ಅವಳಿಗಿಂತ ಮುಂಚಿನ ಕೊನೇ ಮರಳಿನ ಮೂಟೆ!'

ಆದರೂ ಹತ್ತಿ ಕೂತಳು.

ವಿಮಾನ ಜೋಳದ ಹೊಲಗಳ ಮೇಲೆ ಎದ್ದು ಕೆರೆಯತ್ತ ವಾಲಿತು. ಕೆಳಗೆ ಕೆಂಪು ಕೊಟ್ಟಿಗೆಗಳು, ದನಗಳು, ನೀರಿನ ಮೇಲೆ ಬಿಸಿಲು... ಅವಳಿಗೆ ಕಂಡದ್ದು ಮಾತ್ರ ಅವನ ಕತ್ತು. ಬೆಲ್ಟು ಬಿಗಿದ ಮೈ ಮುಂದಕ್ಕೆ ಸರಿಯುವಂತಿಲ್ಲ.

ಹೆಡ್‌ಫೋನಿನಲ್ಲಿ ಅವನ ದನಿ ತೊದಲಿತು. "ಮಾರ್ಲಿಸ್... ಒಬ್ಬಳನ್ನ ಮದುವೆ ಆಗ್ತೀಯಾ ಅಂತ ಕೇಳ್ಬೇಕು. ಹೆಂಗೆ ಕೇಳೋದು?"

ಅಯ್ಯೋ ದೇವರೇ, ಅದನ್ನೂ ನನ್ನನ್ನೇ ಕೇಳಬೇಕೇ!

"ನೇರವಾಗಿ ಕೇಳು," ಎಂದಳು. ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋದಾಗ ಮೊಣಕೈ ತಾಗಿ ಮೈಕಿನ ತಂತಿ ಕಳಚಿಬಿತ್ತು. ಕಿವಿಯದು ಬೇರೆ ತಂತಿ. ಹಾಗಾಗಿ ಅವನ ಮಾತು ಕೇಳುತ್ತಲೇ ಇತ್ತು, ಮೈಕು ಕಳಚಿದ್ದು ಅವಳಿಗೆ ಗೊತ್ತಾಗಲಿಲ್ಲ.

"ಸರಿ. ಎಡಗೈ ಕೆಳಗಿಳಿಸು. ಏನು ಸಿಕ್ತು?"

ಒಂದು ಹಿಡಿ ಸಿಕ್ಕಿತು. ವಿಮಾನ ಓಡಿಸುವ ಹಿಡಿ, ಹಿಂದಿನ ಸೀಟಿನಲ್ಲೂ ಒಂದು!

"ಎಲ್ಲರೂ ಅದನ್ನ ಕಾಲುಗಳ ನಡುವೆ ಇಡ್ತಾರೆ. ನಾನು ಬಿಚ್ಚಿ ಎಡಕ್ಕೆ ಕೂರಿಸ್ದೆ. ನಿನ್ನ ಕೈಗೆ, ಮಾರ್ಲಿಸ್! ಬ್ರಿಟಾ ಅಂತ ಊರೆಲ್ಲ ಅಂದಾಗ ಸುಮ್ನಿದ್ದೆ, ತಪ್ಪು ನಂದೇ. ಈಗ ಕೇಳ್ತಿದೀನಿ... ನನ್ನ ಮದುವೆ ಆಗ್ತೀಯಾ?"

"ಹೂಂ! ಹೂಂ ಕಣೋ ಪೆದ್ದ!" ಅತ್ತಳು, ನಕ್ಕಳು, ಕೂಗಿದಳು.

ಮುಂದಿನ ಕತ್ತು ಅಲುಗಲಿಲ್ಲ.

"...ಮಾರ್ಲಿಸ್?"

"ಹೂಂ ಅಂದ್ನಲ್ಲ!"

ಇಂಜಿನ್ನಿನ ಸದ್ದಿನಲ್ಲಿ ಅವಳ ಕೂಗು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಬೆನ್ನು ಮುಟ್ಟೋಣವೆಂದರೆ ಬೆಲ್ಟು ಬಿಡದು, ಕೈ ನಿಲುಕದು.

"ಸರಿ ಬಿಡು," ಅವನ ದನಿ ಕುಸಿಯಿತು. "ನೀನು ಉತ್ತರ ಕೊಡ್ದೇ ಇದ್ರೂ ಅರ್ಥ ಆಗತ್ತೆ. ಗೆಳೆಯರಾಗೇ ಇರೋಣ. ವಾಪಸ್ ಹೋಗ್ತಿದೀವಿ."

ರೆಕ್ಕೆ ಊರಿನ ಕಡೆ ವಾಲಿತು. ಕೈಗೆ ಬಂದ ಭಾಗ್ಯ ಕಣ್ಣೆದುರೇ ಜಾರುತ್ತಿದೆ. ಬಾಯಿದ್ದೂ ಮೂಗಿಯಾದಳಲ್ಲ! ಅಸಹಾಯಕತೆಯಿಂದ ಎಡಗೈ ಬಿಗಿಯಾಯಿತು.

ಬಿಗಿಯಾದದ್ದು ಹಿಡಿಯ ಮೇಲೆ.

ಮುಂದಕ್ಕೆ ತಳ್ಳಿದಳು. ವಿಮಾನದ ಮೂತಿ ಕೆಳಗೆ ಹೋಯಿತು. ಹಿಂದಕ್ಕೆಳೆದಳು. ಮೂತಿ ಮೇಲೆದ್ದಿತು.

"ಏಯ್! ಏನ್ಮಾಡ್ತಿದೀಯ?"

ಇನ್ನೊಮ್ಮೆ. ಕೆಳಗೆ, ಮೇಲೆ...

ಮುಂದಿನ ಕತ್ತು ಥಟ್ಟನೆ ನೆಟ್ಟಗಾಯಿತು. ಆಮೇಲೆ ಕಿವಿಯಲ್ಲಿ ಅವನ ದನಿ. "ಇದು... ಹೂಂ ಅಂತಾನಾ? ಹೂಂ ಆದ್ರೆ ಮತ್ತೆ ಮಾಡು."

ಅವಳು ಮಾಡಿದಳು. ಹಳದಿ ವಿಮಾನ ಕೆರೆಯ ಮೇಲೆ ನಿಧಾನಕ್ಕೆ, ಸ್ಪಷ್ಟವಾಗಿ ತಲೆಯಾಡಿಸಿತು.

ವಿಮಾನ ನೆಲಕ್ಕಿಳಿದು ನಿಂತ ಕೂಡಲೇ ಮುದುಕ ಹಾರ್ಲನ್ ಓಡೋಡಿ ಬಂದ. "ಏನಾಯ್ತೋ ವೆಂಡೆಲ್? ಮೇಲೆ ಕುದುರೆ ಥರ ಕುಣೀತಿತ್ತು!"

ವೆಂಡೆಲ್‌ಗೆ ಅದೊಂದೂ ಕೇಳಿಸಲಿಲ್ಲ. ಕೆಳಗೆ ಹಾರಿ ಹಿಂದಿನ ಸೀಟಿನತ್ತ ತಿರುಗಿ, ನೇತಾಡುತ್ತಿದ್ದ ಮೈಕಿನ ತಂತಿಯನ್ನು ನೋಡಿದ, ಅತ್ತು ಕೆಂಪಾದ ಅವಳ ಮುಖ ನೋಡಿದ.

"ಹಾಗಾದ್ರೆ ಅಷ್ಟು ಹೊತ್ತು ನೀನು ಏನಂತಿದ್ದೆ?"

"ಬೈತಿದ್ದೆ."

"ಬರೀ ಬೈಗುಳಾನಾ?"

"ನಡುನಡುವೆ ಹೂಂ."

"ನಂಗೊಂದೂ ಕೇಳ್ಸಿಲ್ಲ, ಮಾರ್ಲಿಸ್. ಮೊದಲಿಂದ ಎಲ್ಲಾ ಹೇಳು. ಬೈಗುಳಾನೂ ಬಿಡ್ಬೇಡ."

"ಹೇಳ್ತೀನಿ," ಎಂದಳು, ಅವನ ಕೆನ್ನೆಗೆ ಎಡಗೈ ಇಟ್ಟು. "ಮೊದ್ಲು ಈ ಬೆಲ್ಟ್ ಬಿಚ್ಚೋ, ಪೆದ್ದ!"