ಕಪ್ಪುಜೇನಿನ ಗಡಿಗೆಯೂ ಸೊಟ್ಟಕಾಲಿನ ತೋಳವೂ

ಬಹಳ ಹಿಂದೆ, ಏಳು ಬೆಟ್ಟದಾಚೆ, ಸೂರ್ಯನೂ ಅಪ್ಪಣೆ ಕೇಳಿಯೇ ಹುಟ್ಟುತ್ತಿದ್ದ ಚಿತ್ತರಗಿರಿ ಎಂಬ ರಾಜ್ಯವಿತ್ತು. ಸುಳ್ಳೆನ್ನುವವರು ಏಳೂ ಬೆಟ್ಟ ಹತ್ತಿ ನೋಡಿಕೊಂಡು ಬರಲಿ, ಕತೆ ಕಾಯುತ್ತದೆ. ಅಲ್ಲಿ ಯುಗಾದಿಯ ದಿನ ಪ್ರತಿಯೊಬ್ಬರೂ ತಮ್ಮ ಬರುವ ವರ್ಷವನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಚಿತ್ರವಾಗಿ ಬರೆಯಬೇಕಿತ್ತು. ಬರೆದದ್ದು ನಡೆಯುತ್ತಿತ್ತು. ತೊಟ್ಟಿಲು ಬರೆದರೆ ಮಗು, ಕಣಜ ಬರೆದರೆ ಜೋಳ.

ಒಮ್ಮೆ ಮಬ್ಬಯ್ಯನೆಂಬ ಮಾಂತ್ರಿಕ ಕಪ್ಪುಜೇನಿನ ಗಡಿಗೆ ಹೊತ್ತು ಬಂದ. ಒಂದು ಬೆರಳು ನೆಕ್ಕಿದರೆ ಸಂಜೆಯವರೆಗೆ ಎದೆಯ ದಿಗಿಲು ಮಾಯ. ಸಂಜೆಗೆ ಎರಡರಷ್ಟು ವಾಪಸ್ಸು. ಮುಂದಿನ ಯುಗಾದಿಗೆ ಅರ್ಧ ಊರು ಗೋಡೆಯ ಮೇಲೆ ಗಡಿಗೆಯನ್ನಷ್ಟೇ ಬರೆಯಿತು. ಬರೆದಂತೆಯೇ ಆಯಿತು. ಹೊಲ ಬೀಳು ಬಿತ್ತು, ಒಲೆ ಆರಿತು, ಮಬ್ಬಯ್ಯನ ಗಡಿಗೆ ಮಾತ್ರ ತುಂಬಿಯೇ ಇತ್ತು.

ಮಲ್ಕವ್ವನ ತಮ್ಮ ಬೀರನೂ ಗಡಿಗೆಯನ್ನೇ ಬರೆದಿದ್ದ. ಮಲ್ಕವ್ವ ಜೇನು ಮುಟ್ಟಿದವಳಲ್ಲ. ಅವಳ ರೋಗವೇ ಬೇರೆ. ಕುಂಚ ಹಿಡಿದರೆ ಅವಳ ಕೈಯಿಂದ ಹೆದರಿಕೆಯೇ ಇಳಿಯುತ್ತಿತ್ತು. ತೋಳ ಬರೆದಳು, ಹಾವು ಬರೆದಳು, ಬೇಡ ಬೇಡ ಎನ್ನುತ್ತಲೇ ತಮ್ಮನ ಚಟ್ಟವನ್ನೂ ಬರೆದಳು.

ಜೇನಿಗೆಂದು ಮಾಂತ್ರಿಕನ ಗವಿಗೆ ಹೋದ ಬೀರ ಮೂರು ದಿನವಾದರೂ ಬರಲಿಲ್ಲ. ಮಲ್ಕವ್ವ ಸುಣ್ಣದ ಕುಡಿಕೆ ಹಿಡಿದು ಹೊರಟಳು.

ಮೊದಲು ಆನೆಯೆತ್ತರದ ತೋಳ ಅಡ್ಡ ನಿಂತಿತು. ಮೇಲಿಂದ ಕೆಳಗೆ ನೋಡಿದಳು: ಹಿಂಗಾಲು ಸೊಟ್ಟ.

"ಅಯ್ಯೋ, ಇದು ನಾನೇ ಬರೆದದ್ದು! ಅವತ್ತು ಕುಂಚ ಜಾರಿತ್ತು."

"ನಿನ್ನ ಕೈ ಸೇದಿಹೋಗ! ಅಂದಿನಿಂದ ಕುಂಟ್ತಾ ಇದ್ದೀನಿ," ಎಂದು ಗೊಣಗಿ ತೋಳ ಪಕ್ಕಕ್ಕೆ ಸರಿಯಿತು.

ಆಮೇಲೆ ಹಾವು. ಅದಕ್ಕೆ ಕಣ್ಣು ಬರೆಯುವುದನ್ನೇ ಮರೆತಿದ್ದಳು. ಅದು ಬಂಡೆ ಕಚ್ಚುತ್ತಿದ್ದಾಗ ನುಸುಳಿ ಹೋದಳು.

ಗವಿಯೊಳಗೆ ಚಟ್ಟವಿತ್ತು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ, ಪ್ರತಿ ಗಂಟೂ ಬಿಗಿ. ಮೇಲೆ ಬೀರ, ಉಸಿರು ನೂಲಿನೆಳೆಯಷ್ಟು.

"ಒಂದು ಬೆರಳು ನೆಕ್ಕು ತಾಯಿ, ಇದೆಲ್ಲ ಕಾಣೋದೇ ಇಲ್ಲ," ಎಂದ ಮಬ್ಬಯ್ಯ.

ಅವಳ ಬೆರಳು ಗಡಿಗೆಯ ಅಂಚು ಮುಟ್ಟಿತು.

"ಅಕ್ಕಾ, ನೀನಾದರೂ ಬೇಡ," ಎಂದ ಬೀರ.

ಅವಳು ಕೈ ಹಿಂದೆಗೆದು ಸುಣ್ಣದ ಕುಡಿಕೆ ಚಾಚಿದಳು. "ಹಾಗಾದ್ರೆ ನೀನೇ ಬರಿ."

"ವರ್ಷಾನಾ? ನಂಗೆ ಕಾಣಲ್ಲಕ್ಕ. ಗಡಿಗೆ ಒಂದೇ ಕಾಣುತ್ತೆ."

"ವರ್ಷ ಹಾಳಾಗಿ ಹೋಗ್ಲಿ. ನಾಳೆ ಬೆಳಿಗ್ಗೆ ಏನು ತಿಂತೀಯ, ಹೇಳು."

ಬೀರನ ಕಣ್ಣು ಗಡಿಗೆಯಿಂದ ಅಕ್ಕನ ಕಡೆ ಹೊರಳಿತು.

"ರೊಟ್ಟಿ. ನೀನು ಮಾಡೋ ಥರ ಸೀದಿರಬಾರದು."

ಬೆರಳನ್ನು ಸುಣ್ಣಕ್ಕೆ ಅದ್ದಿ ಗವಿಯ ಗೋಡೆಯ ಮೇಲೆ ಒಂದು ರೊಟ್ಟಿ ಬರೆದ. ಯುಗಾದಿಯಲ್ಲದ ದಿನ, ವರ್ಷವಲ್ಲದ ಬರೀ ಒಂದು ಬೆಳಗನ್ನು ಆ ರಾಜ್ಯದಲ್ಲಿ ಯಾರೂ ಬರೆದಿರಲಿಲ್ಲ. ಚಟ್ಟದ ಒಂದು ಗಂಟು ಬಿಚ್ಚಿತು.

"ಮಧ್ಯಾಹ್ನ?"

"ನಿನ್ನ ಜೊತೆ ಜಗಳ."

ಅದನ್ನೂ ಬರೆದ. ಇನ್ನೊಂದು ಗಂಟು ಬಿಚ್ಚಿ ಚಟ್ಟ ಕುಸಿಯಿತು. ಊರಲ್ಲಿ ಬೀರನ ಗೋಡೆಯ ಗಡಿಗೆ ಅಳಿಸಿಹೋಯಿತು. ಇಲ್ಲಿ ಮಬ್ಬಯ್ಯನ ಕಿರುಬೆರಳು ಮಾಯವಾಯಿತು. ಜನ ಬರೆದ ಗಡಿಗೆಗಳಿಂದಲೇ ಅವನ ಮೈ ನಿಂತಿತ್ತು!

ಅಕ್ಕ ತಮ್ಮ ಮನೆಮನೆಗೆ ಹೋಗಿ ಅದೇ ಪ್ರಶ್ನೆ ಕೇಳಿದರು. ಮೂರು ಮನೆಗಳಲ್ಲಿ ಉತ್ತರ ಹೇಳುವವರು ಉಳಿದಿರಲಿಲ್ಲ. ಉಳಿದವರು ಒಂದೊಂದೇ ಬೆಳಗು ಬರೆದರು. ಯುಗಾದಿಯ ಹೊತ್ತಿಗೆ ಮಬ್ಬಯ್ಯನ ಮೀಸೆ ಮಾತ್ರ ಉಳಿದಿತ್ತು. ಅದನ್ನು ಗಾಳಿ ಹೊತ್ತುಕೊಂಡು ಹೋಯಿತು.

ಚಿತ್ತರಗಿರಿ ಮತ್ತೆ ಉಂಡು, ಬೈದಾಡಿ, ಸುಖವಾಗಿತ್ತು. ಬೀರನ ಕೈ ಕೆಲವು ಸಂಜೆ ಇನ್ನೂ ಗಡಿಗೆಯ ಅಂಚು ಹುಡುಕುತ್ತಿತ್ತು. ಆಗ ಮಲ್ಕವ್ವ ಕುಡಿಕೆ ತಂದಿಟ್ಟು ಕೇಳುವಳು: "ನಾಳೆ ಬೆಳಿಗ್ಗೆ ಏನೋ?"

ಸೊಟ್ಟಕಾಲಿನ ತೋಳ ಹೊಸ್ತಿಲಲ್ಲಿ ಮಲಗಿ, ಸೀದ ರೊಟ್ಟಿಗೆ ಕಾಯುತ್ತಿತ್ತು.