ಗಾಳಿಗಣ್ಣು

ಹುಬ್ಬಳ್ಳಿಯ ರನ್‌ವೇ ಬಿಟ್ಟು ಮೇಲೇರಿದ ಪುಟ್ಟ ಜೆಟ್ ವಿಮಾನ ಪಶ್ಚಿಮಕ್ಕೆ ತಿರುಗುತ್ತಿದ್ದಂತೆ, ಗಂಗಾಂಬಿಕಾ ಮಳಗಿಯವರ ಎದುರಿನ ಗಾಜಿನ ಮೇಲೆ ಗಾಳಿ ಕಾಣಿಸಿಕೊಂಡಿತು. ಸಮವಾಗಿ ಹರಿಯುವ ಗಾಳಿ ತೆಳು ನೀಲಿ ಎಳೆಗಳಾಗಿ, ಮೇಲೇಳುವುದು ಹಳದಿಯಾಗಿ, ಕೆಳಗೆ ಬೀಳುವುದು ಕೆಂಪಾಗಿ. ಹೊರಗೆ ಅಕ್ಟೋಬರ್ ತಿಂಗಳ ತಿಳಿಯಾದ ಮಧ್ಯಾಹ್ನ. ಬರಿಗಣ್ಣಿಗೆ ಅಲ್ಲಿ ಏನೂ ಇರಲಿಲ್ಲ. ಯಲ್ಲಾಪುರದ ಕಾಡಿನ ಮೇಲೆ ಹಳದಿಯ ಕಂಬವೊಂದು ಎದ್ದಿತ್ತು. ವಿಮಾನ ನೇರವಾಗಿ ಅದರೊಳಗೆ ನುಗ್ಗಿತು. ಅಷ್ಟರೊಳಗೆ ರೆಕ್ಕೆಗಳ ಹಿಂಬದಿಯ ಅಂಚಿನಲ್ಲಿ ಸಾಲಾಗಿದ್ದ ಅಂಗೈಯಗಲದ ಪಟ್ಟಿಗಳು ಒಂದೊಂದೂ ತನ್ನ ಪಾಲಿನಷ್ಟು ಬಾಗಿ, ಬರಲಿರುವ ಹೊಡೆತಕ್ಕೆ ಸಿದ್ಧವಾಗಿದ್ದವು. ಗಂಗಾಂಬಿಕಾ ಕೂತಲ್ಲಿ ಅಲುಗಲೂ ಇಲ್ಲ.

ಐವತ್ತೆಂಟರ ಗಂಗಾಂಬಿಕಾ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಒಡತಿ. 2058ರ ಆ ದಿನಗಳಲ್ಲಿ, ಹಿಂದೆ ದೊಡ್ಡ ಕಾರು ಇಟ್ಟುಕೊಳ್ಳುತ್ತಿದ್ದಂಥ ಅನುಕೂಲಸ್ಥರು ಐದು ಸೀಟಿನ ಜೆಟ್ ಕೊಂಡು, ಪೈಲಟ್ ಪರೀಕ್ಷೆ ಪಾಸು ಮಾಡಿ, ತಾವೇ ಹಾರಿಸಿಕೊಂಡು ಹೋಗುವುದು ಸಾಮಾನ್ಯವಾಗಿತ್ತು. ಗಂಗಾಂಬಿಕಾ ಹೊರಟಿದ್ದು ರತ್ನಾಗಿರಿಗೆ. ಉಪ್ಪುನೀರಿನಲ್ಲೂ ಬೆಳೆಯುವ ಕೊಂಕಣದ ಭತ್ತದ ತಳಿಗಳನ್ನು ಮೂರು ತಲೆಮಾರು ಕಾಪಾಡಿಕೊಂಡು ಬಂದ ಪರಾಂಜಪೆ ಮನೆತನ ತನ್ನ ಕಂಪನಿಯನ್ನು ಮಾರಲು ಒಪ್ಪಿತ್ತು. ಈ ಸುದ್ದಿ ಗದಗಿನ ಬೀಜದ ವ್ಯಾಪಾರಿ ಪ್ರಭುಲಿಂಗ ಚಿಕ್ಕೊಪ್ಪನವರ ಕಿವಿಗೆ ಬೀಳುವ ಮುಂಚೆ ಮಾತು ಮುಗಿಸಬೇಕು ಎಂಬುದು ಅವರ ಲೆಕ್ಕಾಚಾರ. ಬೆಳಗಾವಿಯ ಕಡೆ ಮೋಡ ಕಟ್ಟಿದ್ದರಿಂದ ಕಾರವಾರದ ಮೇಲೆ ಹಾದು, ಸಮುದ್ರದ ದಂಡೆಗುಂಟ ಉತ್ತರಕ್ಕೆ ಹೋಗುವ ದಾರಿ ಹಿಡಿದಿದ್ದರು.

ಗಾಜಿನ ಮೇಲೆ ಗಾಳಿಯನ್ನು ಬರೆಯುತ್ತಿದ್ದ ಸಾಧನದ ಹೆಸರು ಗಾಳಿಗಣ್ಣು. ಅದನ್ನು ಮಾಡಿದವರು ಹುಬ್ಬಳ್ಳಿಯಲ್ಲಿ ಪ್ರಯೋಗಶಾಲೆ ನಡೆಸುತ್ತಿದ್ದ ಡಾ. ವಾದಿರಾಜ ಕಟಗೇರಿ. ನಾಲ್ಕು ವರ್ಷದ ಹಿಂದೆ ಒಂದು ವಿಮಾನ ತಯಾರಿಕಾ ಕಂಪನಿ ಅವರನ್ನು ಕರೆದು, ಸ್ವಂತ ಜೆಟ್ ಹಾರಿಸುವವರಿಗೆ ತಮ್ಮ ವಿಮಾನದಲ್ಲಿ ಏನೇನು ಸುಧಾರಣೆ ಬೇಕು ಎಂದು ಕೇಳಿಕೊಂಡು ಬರಲು ಹೇಳಿತ್ತು. ಮಾಲೀಕರ ಸಂಘದ ಸಭೆಯಲ್ಲಿ ಬೇಡಿಕೆಗಳ ಸುರಿಮಳೆಯೇ ಆಯಿತು. ಒಬ್ಬರಿಗೆ ಅಗಲವಾದ ಬಾಗಿಲು ಬೇಕು. ಇನ್ನೊಬ್ಬರಿಗೆ ಪರದೆಯ ಬದಲು ಕದವಿರುವ ಶೌಚಾಲಯ. ಒಂದೇ ಹಾರಾಟಕ್ಕೆ ದುಬೈ ಮುಟ್ಟುವಷ್ಟು ಇಂಧನ ಹಿಡಿಸಬೇಕೆಂದವರೂ ಇದ್ದರು. ಚಿಕ್ಕೊಪ್ಪನವರು ಎದ್ದು ನಿಂತು, ತಮ್ಮ ಉದ್ದನೆಯ ಕಾಲು ಚಾಚಲು ಜಾಗವಿಲ್ಲದ ಕಾಕ್‌ಪಿಟ್ಟನ್ನು ಯಾವ ಗಿಡ್ಡ ಮನುಷ್ಯ ಮಾಡಿದ ಎಂದು ಕೇಳಿ ಎಲ್ಲರನ್ನೂ ನಗಿಸಿದರು.

ಕಟಗೇರಿಯವರು ಎಲ್ಲವನ್ನೂ ಕೇಳಿಸಿಕೊಂಡರು. ಆದರೆ ಅಷ್ಟಕ್ಕೇ ಬಿಡಲಿಲ್ಲ. ಒಬ್ಬೊಬ್ಬರನ್ನೇ ಅವರವರ ವಿಮಾನದಲ್ಲಿ ಕೂರಿಸಿ, ತಾವು ಪಕ್ಕದ ಖಾಲಿ ಸೀಟಿನಲ್ಲಿ ಕೂತು ಮಾತಾಡಿಸಿದರು.

"ಈ ಸೀಟಿನ್ಯಾಗ ಎಂದೂ ಯಾರೂ ಇರೂದಿಲ್ಲೇನ್ರಿ ಅಕ್ಕಾರ?" ಎಂದು ಗಂಗಾಂಬಿಕಾರನ್ನು ಕೇಳಿದರು.

"ಯಾರಿರತಾರ್ರಿ? ನಾನ ಪೈಲಟ್, ನಾನ ಮಾಲಕಿ" ಎಂದು ನಕ್ಕ ಗಂಗಾಂಬಿಕಾ, ಆಮೇಲೆ ಹೇಳಿದರು: "ಹ್ವಾದ ವರ್ಷ ಬೆಳಗಾವ್ಯಾಗ ಇಳಿಯೂ ಮುಂದ ಗಾಳಿ ನನ್ನನ್ನ ಕೆಳಗ ಒಗದು ಬಿಟ್ಟಿತ್ರಿ. ಹೆಂಗೋ ಎತ್ತಿಕೊಂಡು ಇಳಿಸಿದೆ. ಆಮ್ಯಾಲ ಕಾರಿನ್ಯಾಗ ಕುಂತು ಸ್ಟೇರಿಂಗ್ ಹಿಡೀಬೇಕಂದ್ರ ಕೈ ಏಳವಲ್ಲವು. ಮನ್ಯಾಗ ಯಾರಿಗೂ ಹೇಳಿಲ್ಲ."

ಬೇರೆಯವರೂ ಸುತ್ತಿ ಬಳಸಿ ಹೇಳಿದ್ದು ಇದನ್ನೇ. ಮೋಡವಾದರೆ ಕಾಣುತ್ತದೆ, ತಪ್ಪಿಸಿಕೊಳ್ಳಬಹುದು. ಬರೀ ಗಾಳಿ ಕಾಣುವುದಿಲ್ಲ. ಬಾಗಿಲು, ಶೌಚಾಲಯಗಳ ಕೆಲಸವನ್ನು ಕಂಪನಿಗೆ ಬಿಟ್ಟು, ಕಟಗೇರಿಯವರು ಗಾಳಿಯ ಬೆನ್ನು ಹತ್ತಿದರು.

ಅವರ ಸಾಧನ ವಿಮಾನದ ಮೂಗಿನಿಂದ ಅಗೋಚರ ಬೆಳಕಿನ ಮಿಡಿತಗಳನ್ನು ಮುಂದಕ್ಕೆ ಕಳಿಸುತ್ತದೆ. ಗಾಳಿಯಲ್ಲಿ ತೇಲುವ ಧೂಳಿಗೆ ತಾಗಿ ಅದರಲ್ಲಿ ಒಂದಿಷ್ಟು ಬೆಳಕು ಮರಳುತ್ತದೆ. ಧೂಳು ನಮ್ಮತ್ತ ಬರುತ್ತಿದ್ದರೆ ಆ ಬೆಳಕಿನ ಕಂಪನ ತುಸು ಹೆಚ್ಚುತ್ತದೆ, ದೂರ ಸರಿಯುತ್ತಿದ್ದರೆ ತಗ್ಗುತ್ತದೆ. ನಿಲ್ದಾಣಕ್ಕೆ ಬರುವ ರೈಲಿನ ಶಿಳ್ಳೆ ಚೂಪಾಗಿಯೂ, ದಾಟಿ ಹೋದ ಮೇಲೆ ದಪ್ಪಗೂ ಕೇಳುತ್ತದಲ್ಲ, ಹಾಗೆ. ತತ್ವ ಹಳೆಯದೇ. ಆದರೆ ಮರಳಿ ಬರುವ ಬೆಳಕು ಎಷ್ಟು ಕ್ಷೀಣವೆಂದರೆ ಹಳೆಯ ಯಂತ್ರಗಳು ಕೆಲವೇ ಕಿಲೋಮೀಟರು ನೋಡಬಲ್ಲವಾಗಿದ್ದವು. ಬೆಳಕಿನ ಒಂದೇ ಒಂದು ಕಣ ಬಂದು ತಾಗಿದರೂ ಎಚ್ಚರಾಗುವ ಹರಳನ್ನು ಕಟಗೇರಿಯವರು ಬೆಳೆಸಿದರು. ಅದರಿಂದಾಗಿ ಗಾಳಿಗಣ್ಣು ಅರವತ್ತು ಕಿಲೋಮೀಟರು ದೂರದ ಗಾಳಿಯನ್ನು ಕಾಣತೊಡಗಿತು.

ಒಂದು ವಿಮಾನ ಕಂಡದ್ದನ್ನು ಎಲ್ಲರಿಗೂ ತೋರಿಸುವ ಗುಂಡಿಯನ್ನೂ ಅವರು ಇಟ್ಟಿದ್ದರು. ಸಂಘದ ಸಭೆಯಲ್ಲಿ ಅದಕ್ಕೆ ಒಬ್ಬರೂ ಒಪ್ಪಲಿಲ್ಲ. ಆಗಿನ ಕಾನೂನಿನ ಪ್ರಕಾರ ಖಾಸಗಿ ವಿಮಾನ ಎಲ್ಲಿದೆ ಎಂಬುದು ವಾಯು ನಿಯಂತ್ರಣ ಕೇಂದ್ರಕ್ಕೆ ಬಿಟ್ಟು ಯಾರಿಗೂ ತಿಳಿಯುವಂತಿರಲಿಲ್ಲ. ಗಾಳಿಯ ಚಿತ್ರ ಹೊರಗೆ ಹೋದರೆ ಅದನ್ನು ಕಂಡ ವಿಮಾನದ ಜಾಗವೂ ಹೊರಗೆ ಹೋದಂತೆಯೇ. ವ್ಯಾಪಾರಸ್ಥರು ಎಲ್ಲಿಗೆ ಹೋಗುತ್ತಾರೆ ಎಂಬುದೇ ಅರ್ಧ ವ್ಯಾಪಾರ. ಗುಂಡಿಗೆ ಬೀಗ ಬಿತ್ತು. ಮಾಲೀಕರ ಹೆಬ್ಬೆರಳು ತಾಗಿದರೆ ಮಾತ್ರ ಅದು ತೆರೆಯುತ್ತಿತ್ತು. ಬೀಗಕ್ಕೆ ಮೊದಲು ಕೈ ಎತ್ತಿದವರಲ್ಲಿ ಗಂಗಾಂಬಿಕಾರೂ ಒಬ್ಬರು.

ಈಗ ಕಾರವಾರ ದಾಟಿ ಸಮುದ್ರದ ಮೇಲೆ ಬಂದು ಬಲಕ್ಕೆ ತಿರುಗಿದಾಗ, ಗಾಜಿನ ಮೇಲೆ ಅವರು ಹಿಂದೆಂದೂ ಕಾಣದ ಚಿತ್ರ ಮೂಡಿತು. ಘಟ್ಟದ ಕಡೆಯಿಂದ ಕೆಂಪು ರಾಶಿಯೊಂದು ನೆಲಕ್ಕೆ ಕುಸಿದು, ಅಂಚು ಸುರುಳಿ ಸುತ್ತಿಕೊಂಡು ಸಮುದ್ರದತ್ತ ಹೊರಳುತ್ತಿರುವಂತೆ ಕಂಡಿತು. ಘಟ್ಟದ ಮೇಲೆ ದಿಢೀರ್ ಮಳೆ ಸುರಿದಾಗ ಗಾಳಿ ತಣ್ಣಗಾಗಿ, ಭಾರವಾಗಿ ಕೆಳಗೆ ಬೀಳುತ್ತದೆ. ನೆಲಕ್ಕೆ ಬಡಿದು, ಕೊಡ ಉರುಳಿದಾಗ ನೀರು ನುಗ್ಗುವ ಹಾಗೆ ನುಗ್ಗುತ್ತದೆ. ಮಳೆಯನ್ನು ಹಿಂದೆ ಬಿಟ್ಟು ಮುನ್ನುಗ್ಗುವ ಆ ಗಾಳಿಯೊಳಗೆ ಹನಿಯಿಲ್ಲದ ಕಾರಣ ರೇಡಾರಿಗೆ ಸರಿಯಾಗಿ ಸಿಗುವುದಿಲ್ಲ. ಗಂಗಾಂಬಿಕಾ ಕೆಳಗೆ ನೋಡಿದರು. ಹೊಳೆಯುವ ನೀರಿನ ಮೇಲೆ ಕಪ್ಪು ಚುಕ್ಕೆಗಳು. ಬಂಗಡೆ ಮೀನಿನ ಕಾಲ. ಮೀನುಗಾರರ ದೋಣಿಗಳು ದೂರದವರೆಗೂ ಹರಡಿದ್ದವು.

ಅವರು ನಿಯಂತ್ರಣ ಕೇಂದ್ರಕ್ಕೆ ತಿಳಿಸಿದರು. ಅಲ್ಲಿಯವರು ಸೌಜನ್ಯದಿಂದಲೇ ಕೇಳಿಸಿಕೊಂಡು, "ನಮ್ಮ ರೇಡಾರಿನಲ್ಲಿ ಘಟ್ಟದ ಮಳೆ ಬಿಟ್ಟರೆ ಏನೂ ಕಾಣುತ್ತಿಲ್ಲ ಮೇಡಂ. ಎಚ್ಚರಿಕೆ ಕೊಡಬೇಕಾದರೆ ಹವಾಮಾನ ಇಲಾಖೆಗೆ ಏನಾದರೂ ಆಧಾರ ಬೇಕು" ಎಂದರು.

ಗಂಗಾಂಬಿಕಾ ಕಟಗೇರಿಯವರಿಗೆ ಫೋನ್ ಹಚ್ಚಿ, ಕಂಡದ್ದನ್ನು ಹೇಳಿದರು. "ಡಾಕ್ಟರ್ರ, ಇದು ದೋಣಿ ಇದ್ದಲ್ಲಿಗೇ ಹೊಂಟೈತೇನ್ರಿ?"

"ನಿಮ್ಮದೊಂದರಿಂದನ ಹೇಳಲಿಕ್ಕೆ ಆಗೂದಿಲ್ರಿ ಅಕ್ಕಾರ. ಗಾಳಿ ನಿಮ್ಮ ಕಡೆ ಎಷ್ಟು ಬರಲಿಕ್ಕತ್ತದ ಅಂತ ಅಷ್ಟ ನಿಮ್ಮ ಕಣ್ಣಿಗೆ ಕಾಣಸ್ತದ. ಏಳೂದು ಬೀಳೂದು ಅದರ ಮ್ಯಾಲ ಮಾಡಿದ ಅಂದಾಜು. ಅಡ್ಡಕ್ಕ ಎಷ್ಟು ಹೊಂಟದ ಅನ್ನೂದು ಗೊತ್ತಾಗಬೇಕಂದ್ರ ಇನ್ನೊಂದು ದಿಕ್ಕಿನಿಂದ ಇನ್ನೊಂದು ಕಣ್ಣು ನೋಡಬೇಕು."

"ಹತ್ರ ಯಾರದರ ವಿಮಾನ ಐತೇನು?"

"ನನಗ ಹೆಂಗ ಗೊತ್ತಾಗಬೇಕ್ರಿ? ನೀವೆಲ್ಲಾರೂ ಕೂಡೇ ಬ್ಯಾಡ ಅಂದಿದ್ರಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೂ ಗಂಗಾಂಬಿಕಾರಿಗೆ ಮುಖ ಬಿಸಿಯಾಯಿತು. ಪರಾಂಜಪೆಯವರ ಮನೆಯ ಭತ್ತ ಅವರ ಹತ್ತು ವರ್ಷದ ಕನಸು. ಇನ್ನೊಮ್ಮೆ ಕೆಳಗೆ ನೋಡಿದರು. ಹೆಬ್ಬೆರಳನ್ನು ಗುಂಡಿಯ ಮೇಲೆ ಒತ್ತಿ ಹಿಡಿದರು. ಆಮೇಲೆ ಎಲ್ಲ ವಿಮಾನಗಳಿಗೂ ಕೇಳುವ ರೇಡಿಯೊದಲ್ಲಿ, ಆ ಸುತ್ತಿನಲ್ಲಿ ಗಾಳಿಗಣ್ಣು ಇರುವವರು ಯಾರಾದರೂ ಇದ್ದೀರಾ ಎಂದು ಕೂಗಿದರು.

ಸ್ವಲ್ಪ ಹೊತ್ತಿಗೆ ಪರಿಚಿತ ದನಿಯೊಂದು ಬಂತು. "ಏನ್ ಗಂಗಕ್ಕ, ಒಮ್ಮಿಂದೊಮ್ಮೆಲೆ ನನ್ನ ಗಾಜಿನ್ಯಾಗ ಬಂದು ಕುಂತ್ರಿ! ಮುಖ ಉತ್ತರಕ್ಕ ಐತಿ. ಬೀಜದವರು ಆ ಕಡೆ ಹೊಂಟ್ರಂದ್ರ ಪರಾಂಜಪೆ ಮನಿಗೇ. ರತ್ನಾಗಿರಿಗೇ ಹೊಂಟೀರಿ, ಹೌದಿಲ್ಲೊ?"

ಚಿಕ್ಕೊಪ್ಪ.

"ಹೌದ್ರಿ, ರತ್ನಾಗಿರಿಗೇ. ನಿಮ್ಮ ಗಾಳಿಗಣ್ಣಿನ ಬೀಗ ತಗೀರಿ."

"ನಾನು ಎಲ್ಲೆ ಅದೀನಿ ಅನ್ನೂದು ಇವತ್ತ ನಾಕ ಮಂದಿಗೆ ತಿಳೀಬಾರದೈತಿ."

"ನಂದೂ ತಿಳೀಬಾರದಿತ್ತು. ಕೆಳಗ ದೋಣಿ ಅದಾವ ಪ್ರಭುಲಿಂಗ. ಮಂದಿ ಅದಾರ."

ಗಂಗಾಂಬಿಕಾ ಕಾದರು. ಗಾಜಿನ ಮೇಲಿನ ಎಳೆಗಳು ಒಮ್ಮೆ ನಡುಗಿ, ಎರಡನೆಯ ದಿಕ್ಕಿನ ಎಳೆಗಳು ಅವುಗಳ ಮೇಲೆ ಬಂದು ಹೆಣೆದುಕೊಂಡವು. ಚಿಕ್ಕೊಪ್ಪನವರು ಗೋವೆಯ ಆಚೆ, ಸಮುದ್ರದ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಬರುತ್ತಿದ್ದರು. ಚಪ್ಪಟೆಯಾಗಿದ್ದ ಚಿತ್ರಕ್ಕೆ ಆಳ ಬಂತು. ಕೆಂಪು ಸುರುಳಿ ಎತ್ತ ಹೊರಟಿದೆ, ಯಾವ ವೇಗದಲ್ಲಿ, ಎಲ್ಲ ಸ್ಪಷ್ಟವಾಯಿತು. ಅರ್ಧ ಗಂಟೆಯೊಳಗೆ ಅದು ದೋಣಿಗಳ ಮೇಲಿರುತ್ತಿತ್ತು.

ಈ ಸಲ ಹವಾಮಾನ ಇಲಾಖೆ ತಡಮಾಡಲಿಲ್ಲ. ದೋಣಿಗಳ ರೇಡಿಯೊಗಳಲ್ಲಿ ಎಚ್ಚರಿಕೆ ಮೊಳಗಿತು. ಮೇಲಿನಿಂದ ಗಂಗಾಂಬಿಕಾರಿಗೆ ಕಪ್ಪು ಚುಕ್ಕೆಗಳ ಹಿಂದೆ ಬಿಳಿ ಗೆರೆಗಳು ಮೂಡುವುದು ಕಂಡಿತು. ಒಂದೊಂದೇ ದೋಣಿ ಕಾರವಾರದ ಬೈತಖೋಲ ಬಂದರಿನತ್ತ ಮೂತಿ ತಿರುಗಿಸುತ್ತಿತ್ತು. ಗಂಗಾಂಬಿಕಾ ರತ್ನಾಗಿರಿಗೆ ಹೋಗಲಿಲ್ಲ. ಚಿಕ್ಕೊಪ್ಪನವರೂ ಹೋಗಲಿಲ್ಲ. ಇಬ್ಬರೂ ಸಮುದ್ರದ ಮೇಲೆ ದೊಡ್ಡ ಸುತ್ತು ಹಾಕುತ್ತ, ಗಾಳಿಯನ್ನು ಎರಡು ಕಡೆಯಿಂದ ನೋಡುತ್ತ ಉಳಿದರು.

ಗಾಳಿ ಬಂತು. ನೀರಿನ ಬಣ್ಣವೇ ಬದಲಾಯಿತು. ಬಲೆ ಎಳೆಯುತ್ತ ತಡಮಾಡಿದ ಒಂದು ದೋಣಿ ಮಗುಚಿತು. ಅದರಲ್ಲಿದ್ದವರನ್ನೆಲ್ಲ ಪಕ್ಕದ ದೋಣಿಯವರು ಎತ್ತಿಕೊಂಡರು. ಉಳಿದವೆಲ್ಲ ಬಂದರು ಸೇರಿದವು.

ಇಂಧನ ತಳ ಕಂಡಾಗ ಗಂಗಾಂಬಿಕಾ ಗೋವೆಯಲ್ಲಿ ಇಳಿದು ಪರಾಂಜಪೆಯವರಿಗೆ ಫೋನ್ ಮಾಡಿದರು. ಮಾರಾಟದ ಮಾತು ಬೇರೆಯವರ ಜೊತೆ ಮುಗಿದುಹೋಗಿತ್ತು. ಎಲ್ಲರಿಗೂ ತೆರೆದ ಗಾಳಿಯ ಚಿತ್ರದಲ್ಲಿ ಅವರ ವಿಮಾನ ಉತ್ತರಕ್ಕೆ ಹೊರಟದ್ದನ್ನು ಕಂಡ ಚಿಕ್ಕೊಪ್ಪನವರ ಮ್ಯಾನೇಜರ್, ಪರಾಂಜಪೆಯವರಿಗೆ ಫೋನ್ ಹಚ್ಚಿ ಬೆಲೆ ಕುದುರಿಸಿ, ತನ್ನ ಜನರನ್ನು ಆಗಲೇ ರತ್ನಾಗಿರಿಗೆ ಅಟ್ಟಿದ್ದ.

"ಇದು ಸರಿ ಅನಸ್ತದೇನ್ರಿ ನಿಮಗ?" ಎಂದು ಅವರು ಚಿಕ್ಕೊಪ್ಪನವರಿಗೆ ಫೋನ್ ಮಾಡಿ ರೇಗಿದರು.

"ಅದು ಬ್ಯಾರೆ, ಇದು ಬ್ಯಾರೆ ಗಂಗಕ್ಕ. ಗುಂಡಿ ಒತ್ತಿದ್ದು ದೋಣಿ ಸಲುವಾಗಿ. ಅದು ನಾನು ಮಾಡಿದ್ದು. ಫೋನ್ ಹಚ್ಚಿದ್ದು ಬೀಜದ ಸಲುವಾಗಿ. ಅದು ನಮ್ಮ ಮ್ಯಾನೇಜರ್ ಮಾಡಿದ್ದು. ನೀವು ನನ್ನ ಜಾಗಾದಾಗಿದ್ರ ಬ್ಯಾಡ ಅಂತಿದ್ರೇನು?"

ಗಂಗಾಂಬಿಕಾ ಫೋನ್ ಇಟ್ಟು, ಕ್ಯಾಂಟೀನಿನಲ್ಲಿ ಕೂತು ಎರಡು ಚಹಾ ಕುಡಿದರು. ಹೊಟ್ಟೆ ಉರಿಯುತ್ತಿತ್ತು, ಮನಸ್ಸು ಮಾತ್ರ ಹಗುರವಾಗಿತ್ತು. ಎರಡೂ ಒಟ್ಟಿಗೇ ಇರಬಹುದೆಂದು ಅವರಿಗೆ ಅಂದಿನವರೆಗೆ ತಿಳಿದಿರಲಿಲ್ಲ.

ಮರುದಿನ ಕಟಗೇರಿಯವರ ಜೊತೆ ಬೈತಖೋಲಕ್ಕೆ ಹೋದರು. ಮಗುಚಿದ ದೋಣಿಯವರನ್ನು ಎತ್ತಿಕೊಂಡ ದೋಣಿಯ ನಾಯಕಿ ಸುಲತಾ ಹರಿಕಂತ್ರ ಬಲೆಯ ರಾಶಿಯ ಪಕ್ಕ ಸಿಕ್ಕಳು. ನಲವತ್ತರ ಗಟ್ಟಿ ಹೆಂಗಸು. ಕೈ ಮುಗಿದಳು. ಕಟಗೇರಿಯವರು ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿದಾಗ ಮನಸ್ಸಿಟ್ಟು ಕೇಳಿದಳು. ಕೊನೆಗೆ, "ನಾಳೆನೂ ತೋರಿಸ್ತ್ರಾ ಅಮ್ಮ?" ಎಂದಳು.

ಗಂಗಾಂಬಿಕಾ ಕಟಗೇರಿಯವರ ಮುಖ ನೋಡಿದರು. ಅವರು ಬಂದರಿನ ನೀರು ನೋಡುತ್ತಿದ್ದರು. ಉತ್ತರ ಕೊಡಬೇಕಾದವರು ಅವರಲ್ಲ.

"ತೋರಸ್ತೀವಿ" ಎಂದರು ಗಂಗಾಂಬಿಕಾ. ಹೇಳಿ ಆದ ಮೇಲೆಯೇ ಅದರ ಭಾರ ತಿಳಿದದ್ದು.

ಸಂಘದ ಮುಂದಿನ ಸಭೆಯಲ್ಲಿ ಅವರು ಕರುಣೆಯ ಮಾತಾಡಲಿಲ್ಲ. "ನಾವಿಬ್ಬರ ಅಷ್ಟ ಕಣ್ಣು ತಗದ್ವಿ, ಅದಕ್ಕ ನಾವಿಬ್ಬರೂ ಬಯಲಿಗೆ ಬಿದ್ವಿ. ಎಲ್ಲಾರೂ ತಗದ್ರ? ವಿಮಾನದ ಹೆಸರು ತಗದುಹಾಕಿ ಬರೇ ಗಾಳಿ ಉಳಿಸಿದ್ರ? ಆಕಾಶದ ತುಂಬ ಗಾಳಿ ಕಾಣತೈತಿ, ನೋಡಿದವರು ಯಾರು ಅಂತ ಯಾರಿಗೂ ತಿಳಿಯಂಗಿಲ್ಲ. ಮುಚ್ಚಿಕೊಂಡು ಕುಂತಿದ್ದಕ್ಕಿಂತ ಅದರಾಗ ಗುಟ್ಟು ಭದ್ರ ಐತಿ. ಮ್ಯಾಲ ನಮಗೂ ಅರವತ್ತು ಕಿಲೋಮೀಟರ್ ಅಲ್ಲ, ಹೋಗೂ ದಾರಿ ಅಷ್ಟೂ ಕಾಣತೈತಿ. ಇದಕ್ಕಿಂತ ದೊಡ್ಡ ಸುಧಾರಣೆ ಯಾವ ವಿಮಾನಕ್ಕ ಬೇಕ್ರಿ?"

ವಾದ ಬಹಳ ಹೊತ್ತು ನಡೆಯಿತು. ಕೆಲವರು ಸಭೆಯಿಂದ ಎದ್ದೇ ಹೋದರು. ಬೀಗ ತೆಗೆಯುವುದಕ್ಕೆ ಎರಡನೆಯ ಕೈ ಎತ್ತಿದವರು ಚಿಕ್ಕೊಪ್ಪ.

ಕೆಲವೇ ವರ್ಷಗಳಲ್ಲಿ ಗಾಳಿಯ ಚಿತ್ರ ಎಲ್ಲರ ಕೈಗೆ ಬಂತು. ದೊಡ್ಡ ವಿಮಾನಗಳೂ ಕಣ್ಣು ತೆರೆದವು. ಕರಾವಳಿಯ ದೋಣಿಗಳು ಗಾಳಿ ನೋಡಿ ಬಲೆ ಬಿಟ್ಟವು. ವಿಜಯಪುರದ ದ್ರಾಕ್ಷಿ ತೋಟದವರು ಆಲಿಕಲ್ಲು ಬೀಳುವ ಮುಂಚೆ ಬಲೆ ಹೊದಿಸತೊಡಗಿದರು. ಎತ್ತರದ ಕ್ರೇನ್ ನಡೆಸುವವರು ಬಿರುಗಾಳಿ ಬರುವ ಮುಂಚೆ ಕೆಳಗಿಳಿದರು. ಶ್ರೀಮಂತರ ಪ್ರಯಾಣ ಸುಖವಾಗಲೆಂದು ಹುಟ್ಟಿದ ಯಂತ್ರವಿದು ಎಂಬುದು ಹೊಸಬರಿಗೆ ಗೊತ್ತೇ ಇರಲಿಲ್ಲ.

ಒಂದು ದಿನ ಹುಬ್ಬಳ್ಳಿಯ ಪ್ರಯೋಗಶಾಲೆಗೆ ಹೋದ ಗಂಗಾಂಬಿಕಾರ ಕೈಗೆ ಕಟಗೇರಿಯವರು ತಮ್ಮ ತಂದೆ ಬಳಸುತ್ತಿದ್ದ ಮೊಬೈಲ್ ಫೋನೊಂದನ್ನು ಕೊಟ್ಟರು. ಮೂವತ್ತು ವರ್ಷಕ್ಕೂ ಹಳೆಯದು. ಬ್ಯಾಟರಿ ಬದಲಿಸಿ ಚಾಲೂ ಮಾಡಿದ್ದರು. ಪರದೆಯ ಮೇಲೆ ಒಂದು ಸಂಖ್ಯೆ ಇತ್ತು. ಅದನ್ನು ಹಿಡಿದುಕೊಂಡು ಇಬ್ಬರೂ ಮಾಳಿಗೆ ಹತ್ತಿದಂತೆ ಸಂಖ್ಯೆ ಮೆಲ್ಲಗೆ ಇಳಿಯಿತು.

"ಏನ್ರಿ ಇದು?"

"ಗಾಳಿಯ ಒತ್ತಡ. ಅಳಿಯೂ ಚೂರು ಒಳಗ ಅದ. ಮ್ಯಾಲ ಹೋದಂಗ ಒತ್ತಡ ಕಡಿಮಿ ಆಗ್ತದಲ್ಲ, ಅದನ್ನ ತೋರಸ್ಲಿಕ್ಕತ್ತದ. ಬಿರುಗಾಳಿ ಬರೂ ಮುಂದ ಸುದ್ದಾ ಇದು ಅಲುಗ್ತದ."

ಗಂಗಾಂಬಿಕಾ ಅಚ್ಚರಿಯಿಂದ ಅದನ್ನು ತಿರುಗಿಸಿ ನೋಡಿದರು. "ಆವಾಗ ಎಷ್ಟ ಮಂದಿ ಫೋನಿನ್ಯಾಗ ಇತ್ತು ಈ ಚೂರು?"

"ಲೆಕ್ಕ ಇಲ್ಲ ಅಕ್ಕಾರ. ಊರೂರಿನ್ಯಾಗ, ಎಷ್ಟೋ ಮಂದಿ ಕಿಸೆದಾಗ."

"ಅಂದ್ರ ಆವಾಗ್ಲೇ ಎಲ್ಲಾ ಕೂಡಿಸಿ ನೋಡಬಹುದಿತ್ತಲ್ಲ! ಇದನ್ನಿಟ್ಟುಕೊಂಡು ಏನ್ ಮಾಡ್ತಿದ್ವಿ ಮತ್ತ?"

ಮಾಳಿಗೆಯ ಮೇಲೆ ಗಾಳಿ ಜೋರಾಗಿ ಬೀಸುತ್ತಿತ್ತು. ಕಟಗೇರಿಯವರು ಕನ್ನಡಕ ಒರೆಸಿಕೊಂಡರು.

"ದಿನಾ ಎಷ್ಟು ಮಹಡಿ ಹತ್ತಿದ್ವಿ ಅಂತ ಎಣಿಸ್ತಿದ್ವಿ" ಎಂದರು.