ನುಣ್ಣನೆ ತಲೆಯ ಜೋಡಿ, ಜುಟ್ಟಿನ ಮರಿ

"ಇದು ಎಲ್ಲಿಂದ ಬಂತು, ಗಿಯಾಸ್?"

ರಂದಾಳ ಆ ಕೂಗಿಗೆ ಡಮಾಸ್ಕಸ್ಸಿನ ಅರ್ಧ ಊರಿನ ಕಿಟಕಿಗಳು ತೆರೆದುಕೊಂಡವು. ಉಳಿದರ್ಧ ಊರು ಮೊದಲೇ ತೆರೆದಿಟ್ಟುಕೊಂಡು ಕಾಯುತ್ತಿತ್ತು!

ಮದುವೆಯಾಗಿ ಬರಲಿರುವ ಮನೆಗೆ ಪರದೆಯ ಅಳತೆ ತೆಗೆಯಲು ಬಂದವಳು, ಭಾವಿ ಗಂಡನ ಮಾಳಿಗೆ ಹತ್ತಿ ಪಾರಿವಾಳದ ಗೂಡಿಗೆ ಕೈ ಹಾಕಿದ್ದಳು. ಈಗ ಅವಳ ಅಂಗೈಯಲ್ಲೊಂದು ಮರಿ. ಅದರ ಹಿಂದಲೆಯಲ್ಲಿ ಮೇಲಕ್ಕೆ ಮಡಿಚಿಕೊಂಡ ಪುಕ್ಕದ ಜುಟ್ಟು...

ಇಡೀ ಮೀದಾನ್ ಬಡಾವಣೆಯಲ್ಲಿ, ನಾನಂತೂ ಇಡೀ ಭೂಮಂಡಲದಲ್ಲಿ ಎನ್ನುತ್ತೇನೆ, ಆ ಹೊತ್ತಿಗೆ ಅಂಥ ಜುಟ್ಟು ಉಳಿದಿದ್ದದ್ದು ಅವಳ ಅಪ್ಪ ಅಬೂ ಸುಬ್ಹಿಯ ಗಂಡು ಪಾರಿವಾಳ ಪಾಶಾನಿಗೆ ಮಾತ್ರ. ನಿಶ್ಚಿತಾರ್ಥವಾದ ಮೇಲೆ, ಈ ವಸಂತದಲ್ಲಿ ಹಾರಿಹೋದ ಪಾಶಾ ಮರಳಿರಲಿಲ್ಲ.

ಗಿಯಾಸ್ ನಕ್ಕ. "ಅದರ ಅಪ್ಪ ಅಮ್ಮ ಅಲ್ಲೇ ಕೂತಿದಾರಲ್ಲ, ಅವರನ್ನೇ ಕೇಳು."

ಎರಡೂ ನುಣ್ಣನೆ ತಲೆಯವು.

"ತಮಾಷೆ ಬೇಡ! ಜುಟ್ಟಿಲ್ಲದೋರಿಗೆ ಜುಟ್ಟಿನ ಮರಿ ಹೇಗೆ ಹುಟ್ಟತ್ತೆ? ಪಾಶಾನ ಎಲ್ಲಿ ಬಚ್ಚಿಟ್ಟಿದೀಯ?"

"ನಿನ್ನಾಣೆ ರಂದಾ... ಅವನ ಒಂದು ಪುಕ್ಕಾನೂ ಮುಟ್ಟಿಲ್ಲ ನಾನು."

ನಮ್ಮ ಮಾಳಿಗೆಗಳ ನಡುವೆ ಇರುವುದು ಎರಡೇ: ಯುದ್ಧ ಅಥವಾ ಸಂಧಿ. ಯುದ್ಧವಿದ್ದಾಗ ನಿಮ್ಮ ಹಕ್ಕಿ ನನ್ನ ಮಾಳಿಗೆಗೆ ಇಳಿದರೆ ಅದು ನನ್ನದು, ಕೇಳುವಂತಿಲ್ಲ. ಸಂಧಿಯಾದ ಮೇಲೆ ಸಂಜೆಯೊಳಗೆ ಹಿಂದಿರುಗಿಸಲೇಬೇಕು. ಈ ಎರಡು ಮನೆಗಳ ಯುದ್ಧ ಪ್ರಳಯಕಾಲದಿಂದ ನಡೆದು ಬಂದದ್ದು. ನಿಶ್ಚಿತಾರ್ಥದ ದಿನ ಕುರಾನಿನ ಫಾತಿಹಾ ಓದಿ, ಸಂಧಿ ಮಾಡಿಕೊಂಡಿದ್ದರು. ಅದಾದ ಮೇಲೂ ಹಕ್ಕಿ ಹಿಡಿದಿಟ್ಟುಕೊಂಡರೆ ಅದು ಬರೀ ಕಳ್ಳತನವಲ್ಲ... ದ್ರೋಹ!

'ಇವನ ಜೊತೆಗಾ ನಾನು ಬದುಕು ಕಟ್ಟಬೇಕೆಂದುಕೊಂಡಿದ್ದು?' ರಂದಾ ಉಂಗುರ ತೆಗೆದು ಗೂಡಿನ ಮೇಲಿಟ್ಟಳು. ತಿರುಗಿ ನೋಡಲಿಲ್ಲ.

ಮನೆಯಲ್ಲಿ ಅಬೂ ಸುಬ್ಹಿ ಊಟದ ತಟ್ಟೆ ಸರಿಸಿದ. "ಹಕ್ಕಿ ಹೋದ್ರೆ ಇನ್ನೊಂದು ತರಬಹುದು ಮಗಳೇ. ನಾನು ನಿನ್ನನ್ನೇ ಕೊಡ್ತೀನಿ ಅಂದೆ, ಅವನು ನನ್ನ ಪಾಶಾನ ಒಳಗೆ ಹಾಕ್ಕೊಂಡ! ಸಂಧಿ ಮುರೀತು. ಇವತ್ತಿಂದ ಯುದ್ಧ."

ಮರುದಿನ ಗಿಯಾಸ್ ಆ ನುಣ್ಣನೆ ತಲೆಯ ಜೋಡಿಯನ್ನು ಪಂಜರದಲ್ಲಿ ಹೊತ್ತು ಬಾಗಿಲಿಗೇ ಬಂದ. ಬೀದಿಯೆಲ್ಲ ಹಿಂದೆಯೇ ಬಂತು.

"ಮಾವ, ಇವು ನಿಮ್ಮ ಮಾಳಿಗೇಲಿರಲಿ, ನಿಮ್ಮ ಬೀಗದೊಳಗೇ ಮರಿ ಮಾಡಲಿ. ಇವು ಅಣ್ಣ-ತಂಗಿ. ಇವುಗಳ ತಾಯಿ ನಿಮ್ಮದೇ ಜುಟ್ಟಿನ ಹೆಣ್ಣು. ಹಳೇ ಯುದ್ಧದಲ್ಲಿ ನಮ್ಮಪ್ಪ ಹಿಡಿದದ್ದು."

"ಗೊತ್ತಯ್ಯಾ! ಅವಳ ಮಕ್ಕಳಿಗೆ ಜುಟ್ಟೇ ಬರಲಿಲ್ಲ. ಮಕ್ಕಳಲ್ಲಿ ಕಾಣಲಿಲ್ಲ ಅಂದ್ಮೇಲೆ ಆ ರಕ್ತ ಅಲ್ಲಿಗೇ ಬತ್ತಿತು. ಪಾರಿವಾಳ ಸಾಕೋ ಕೂಸಿಗೂ ಗೊತ್ತು ಇದು."

"ಬತ್ತಲ್ಲ ಮಾವ, ಒಳಗೇ ಇರತ್ತೆ. ಪ್ರತಿ ಮರಿಗೂ ಅಪ್ಪಂದೊಂದು ಪಾಲು, ಅಮ್ಮಂದೊಂದು ಪಾಲು. ಇವೆರಡಕ್ಕೂ ತಾಯಿ ಜುಟ್ಟಿನ ಪಾಲು ಕೊಟ್ಟಳು, ಅಪ್ಪನ ನುಣ್ಣನೆ ಪಾಲು ಅದನ್ನ ಮುಚ್ಚಿಬಿಡ್ತು. ಈಗ ಇವುಗಳ ಮರಿಗೆ ಎರಡೂ ಕಡೆಯಿಂದ ಜುಟ್ಟಿನ ಪಾಲೇ ಸಿಕ್ಕರೆ ಜುಟ್ಟು ಏಳತ್ತೆ. ನಾಲ್ಕರಲ್ಲಿ ಒಂದಕ್ಕೆ ಬರಬಹುದು... ಒಂದಕ್ಕೂ ಬರದೇ ಇರಬಹುದು."

"ಬರದೇ ಇದ್ರೆ?"

"ಬೇಸಗೆ ಮುಗಿಯೋದ್ರೊಳಗೆ ಬರದಿದ್ರೆ ನಾನೇ ಕಳ್ಳ ಅಂದ್ಕೊಳ್ಳಿ. ಈ ಊರನ್ನೇ ಬಿಟ್ಟು ಹೋಗ್ತೀನಿ."

ಇಷ್ಟು ಹೇಳುವಾಗ ಅವನು ಒಮ್ಮೆಯೂ ರಂದಾಳ ಕಡೆ ನೋಡಲಿಲ್ಲ. ಅವಳಿಗೆ ಚುಚ್ಚಿದ್ದು ಅದೇ.

ಮೊದಲ ಸಲದ ಎರಡು ಮೊಟ್ಟೆ ಒಡೆದವು. ಮರಿಗಳಿಗೆ ಪುಕ್ಕ ಬಂತು. ಎರಡೂ ತಲೆ ನುಣ್ಣಗೆ, ಆಲಿವ್ ಕಾಯಿಯ ಹಾಗೆ!

"ಏನಮ್ಮಾ, ಪಾಪ, ಒಂದೊಂದು ಟೋಪಿ ಹೊಲಿಸೋಣ್ವಾ?" ಎಂದಳು ಪಕ್ಕದ ಮನೆಯ ಉಮ್ ಹಾತಿಮ್.

ಅಂದು ರಂದಾ ಅತ್ತ ಅಳುವಿಗೆ ನಮ್ಮೂರ ಬರದಾ ಎಂಬ ನದಿ ಉಕ್ಕಿ ಸೇತುವೆ ಮುಳುಗಿತು. ನಂಬದಿದ್ದರೆ ಬಿಡಿ, ಪಾರಿವಾಳ ಹಾರಿಸುವವರ ಸಾಕ್ಷಿಯನ್ನು ಯಾವ ನ್ಯಾಯಾಧೀಶನೂ ನಂಬುವುದಿಲ್ಲವಂತೆ, ನಾನಂತೂ ಹುಟ್ಟಿದಾಗಿನಿಂದ ಹಾರಿಸುತ್ತಿದ್ದೇನೆ.

'ಅವನು ದ್ರೋಹಿ ಅಂತ ಗೊತ್ತಾಯ್ತಲ್ಲ, ಮತ್ತೆ ಯಾಕೆ ಜುಟ್ಟು ಬರಲಿ ಅಂತ ಬೇಡ್ಕೊಂಡೆ ನಾನು?'

ಜೋಡಿ ಮತ್ತೆ ಮೊಟ್ಟೆಯಿಟ್ಟಿತು. ಬೇಸಗೆ ಜಾರುತ್ತಿತ್ತು.

ಒಂದು ಸಂಜೆ ಅಬೂ ಸುಬ್ಹಿಯ ಹಕ್ಕಿಗಳ ಗುಂಪಿನಿಂದ ಬೇರೆಯಾದ ಬಿಳಿ ಹೆಣ್ಣು ಪಾರಿವಾಳ ಸೀದಾ ಗಿಯಾಸನ ಮಾಳಿಗೆಗೆ ಇಳಿಯಿತು. ರಂದಾ ತಮ್ಮ ಮಾಳಿಗೆಯ ಗೋಡೆಯ ಮರೆಯಲ್ಲಿ ಉಸಿರು ಹಿಡಿದಳು. ಯುದ್ಧದ ನಿಯಮದಂತೆ ಅದು ಅವನದ್ದೇ. ಯಾರೂ ಕೇಳುವಂತಿಲ್ಲ, ಯಾರೂ ನೋಡುತ್ತಲೂ ಇಲ್ಲ...

ಗಿಯಾಸ್ ಹಕ್ಕಿಯನ್ನು ಹಿಡಿದ. ನೀರು ಕುಡಿಸಿದ. "ಹೋಗು ತಾಯಿ, ಮುದುಕ ಊಟ ಬಿಟ್ಟಾನು" ಎಂದು ಮೇಲಕ್ಕೆ ತೂರಿದ.

ರಂದಾ ಗೋಡೆಯ ಮರೆಯಿಂದ ಈಚೆ ಬಂದಳು. ಯುದ್ಧದಲ್ಲೂ ಹಿಂದಿರುಗಿಸುವವನು ಸಂಧಿಯಲ್ಲಿ ಕದ್ದಾನೇ?

ಅವಳು ಗಿಯಾಸನ ಮಾಳಿಗೆ ಹತ್ತಿದಾಗ ಅವನು ಕಾಳು ಆರಿಸುತ್ತಿದ್ದ. ತಲೆ ಎತ್ತಲಿಲ್ಲ.

"ಜುಟ್ಟು ಬಂತಾ?" ಎಂದು ಕೇಳಿದ.

"ಮೊಟ್ಟೆ ಈಗಷ್ಟೇ ಒಡೆದಿದೆ. ಪುಕ್ಕಾನೇ ಬಂದಿಲ್ಲ."

"ಮತ್ತೆ ಯಾಕೆ ಬಂದೆ?"

"ಜುಟ್ಟು ಬಂದ್ಮೇಲೆ ಬಂದಿದ್ರೆ ನಾನು ಮರೀನ ನಂಬಿದ ಹಾಗಾಗ್ತಿತ್ತು, ಗಿಯಾಸ್. ನಿನ್ನನ್ನಲ್ಲ."

ಅವನ ಕೈ ನಿಂತಿತು.

"ಕಳ್ಳ ಅಂದೆಯಲ್ಲ, ಅದನ್ನ ನುಂಗಿಕೊಂಡೆ. ನಿನ್ನ ಮೇಲೇ ಆಣೆ ಇಟ್ಟಿದ್ದೆ. ಅದು ಕಿವಿಗೆ ಬಿದ್ದ ಮೇಲೂ ನೀನು... ದ್ರೋಹ ಮಾಡಿದ್ದು ಯಾರು, ಹೇಳು?"

"ನಾನು." ರಂದಾ ಒಪ್ಪಿಕೊಂಡಳು. "ಕ್ಷಮಿಸು ಅನ್ನೋಕೂ ಮುಖ ಇಲ್ಲ. ಆದ್ರೆ ಊರು ಬಿಡೋದಾದ್ರೆ ಇಬ್ರೂ ಬಿಡೋಣ. ಜುಟ್ಟು ಬರಲಿ, ಬರದೇ ಇರಲಿ..."

ಅವನು ಕಾಳಿನ ಮೊರವನ್ನು ಸರಿಸಿ, ಅವಳಿಗೆ ಕೂರಲು ಜಾಗ ಮಾಡಿದ.

ಜುಟ್ಟು ಬಂತು! ಎರಡರಲ್ಲೊಂದು ಮರಿಗೆ, ಸುಲ್ತಾನನ ಮುಂಡಾಸಿನಷ್ಟು ದೊಡ್ಡದು. ಅಬೂ ಸುಬ್ಹಿ ಅದನ್ನು ಎದೆಗವುಚಿಕೊಂಡು ತಾನೇ ಗಿಯಾಸನ ಮನೆಗೆ ನಡೆದ. "ಪಾಶಾನನ್ನ ಗಿಡುಗ ತಿಂದಿರಬೇಕು ಕಣಪ್ಪಾ. ನಾನು ನಿನ್ನನ್ನ ತಿಂದುಬಿಟ್ಟೆ" ಎಂದ. ಆ ಮನುಷ್ಯ ಜೀವಮಾನದಲ್ಲಿ ತಪ್ಪೊಪ್ಪಿಕೊಂಡದ್ದು ಅದೊಂದೇ ಸಲ.

ಮದುವೆಯ ಮರುದಿನ ಮಾಳಿಗೆಯಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದರು.

"ನಮ್ಮ ಮಗೂಗೆ ನಿನ್ನ ಕೋಪ ಬಂದ್ರೆ ಏನ್ ಗತಿ?" ಎಂದ ಗಿಯಾಸ್.

ರಂದಾ ಅವನ ಭುಜಕ್ಕೊರಗಿದಳು.

"ನಿನ್ನ ಪಾಲೂ ಇರತ್ತಲ್ಲ..."